ಚೆರಿ ಅಂದರೆ ಹಣ್ಣೋ, ಒಣಗಿದ ಕಾಫಿಯೋ?

ಡಿಕ್ಷನರಿಯಲ್ಲಿ ಚೆರಿ ಅಂದರೆ ಹಣ್ಣು, ಕೊಡಗಿನಲ್ಲಿ ಒಣಗಿಸಿದ ಕಾಫಿ, ಹಾಗಾದ್ರೆ ನಮ್ಮವರ ಇಂಗ್ಲಿಷ್ ತಪ್ಪಾ ಅಂತ ಕೇಳಿದ್ದೀರಿ. ಇದೇ ಪದದಿಂದ ನನ್ನ ಒಂದು ಒಳ್ಳೆ ವ್ಯಾಪಾರ ಕೈತಪ್ಪಿತು.

ನಮ್ಮ ತೋಟ ಸೋಮವಾರಪೇಟೆ ಕಡೆ. ಬೆಂಗಳೂರಿನಲ್ಲಿ ಕಾಫಿ ಹುರಿದು ಮಾರುವವರೊಬ್ಬರು "ಒಳ್ಳೆ ಅರೇಬಿಕಾ ಚೆರಿ ಬೇಕು" ಅಂತ ಮೆಸೇಜ್ ಮಾಡಿ ಅಡ್ವಾನ್ಸ್ ಕಳಿಸಿದರು. ಕೆಂಪಗೆ ಹಣ್ಣಾದದ್ದನ್ನು ಮಾತ್ರ ಕೊಯ್ಯಿಸಿದೆ. ಅದಕ್ಕೆ ಕೂಲಿ ಜಾಸ್ತಿ. ಕಣದಲ್ಲಿ ತೆಳ್ಳಗೆ ಹರಡಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಿ ಒಣಗಿಸಿದೆ. ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಅಲ್ಲಿಯವರೆಗೂ ಬಿಡಲಿಲ್ಲ.

ಅವರು ಬಂದಾಗ ಗಾಡಿ ತುಂಬ ಖಾಲಿ ಕ್ರೇಟ್. ಬೇಕಿದ್ದದ್ದು ಆಗ ತಾನೇ ಕಿತ್ತ ಹಸಿ ಹಣ್ಣು, ತಾವೇ ಹುದುಗಿಸಿ ಒಣಗಿಸೋದಕ್ಕೆ. ಗಿಡದಲ್ಲಿ ಹಣ್ಣೆಲ್ಲಿ ಉಳಿದಿತ್ತು? ಅಡ್ವಾನ್ಸ್ ವಾಪಸ್ ಕೊಟ್ಟೆ. ಒಣಗಿದ್ದನ್ನು ಮಾಮೂಲಿ ರೇಟಿಗೆ ಮಾರಿದೆ, ಹೆಚ್ಚಿಗೆ ಕೊಟ್ಟ ಕೂಲಿ ಹುಟ್ಟಲಿಲ್ಲ.

ಇಬ್ಬರಿಗೂ ಆ ಪದ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಇಬ್ಬರೂ ಕೇಳಲಿಲ್ಲ. ನಮ್ಮಲ್ಲಿ ಗಿಡದಲ್ಲಿರೋದು ಹಣ್ಣು, ಸಿಪ್ಪೆ ಸಮೇತ ಒಣಗಿದ್ದು ಚೆರಿ, ಸಿಪ್ಪೆ ಬಿಡಿಸೋ ಯಂತ್ರ ಪಲ್ಪರ್‌ಗೆ ಹಾಕಿ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ವ್ಯಾಪಾರಿಗಳ ಬೋರ್ಡಿನಲ್ಲಿ 50 ಕೆಜಿ ಮೂಟೆಗೆ ರೇಟ್ ಬರೆಯೋದೂ ಈ ಹೆಸರಿನಲ್ಲೇ. ಹೊರದೇಶದ ಕಾಫಿಯವರಿಗೆ ಚೆರಿ ಅಂದರೆ ಹಸಿ ಹಣ್ಣು, ಬೆಂಗಳೂರಿನವರು ಕಲಿತದ್ದು ಅದನ್ನೇ. ನಾನು ಎಡವಿದ್ದು ರೇಟಿನ ವಿಷಯದಲ್ಲಿ. "ಮಾಲು ನೋಡಿ ಮಾತಾಡೋಣ" ಅಂದರು, ಹೂಂ ಅಂದುಬಿಟ್ಟೆ. ಹಣ್ಣು ಒಣಗಿದರೆ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಸಿಯದ್ದಕ್ಕೂ ಒಣಗಿದ್ದಕ್ಕೂ ಕೆಜಿ ರೇಟ್ ಒಂದೇ ಇರೋದಕ್ಕೆ ಸಾಧ್ಯವೇ ಇಲ್ಲ. ಅವರ ಬಾಯಿಂದ ಒಂದು ರೇಟ್ ಹೊರಡಿಸಿದ್ದರೆ, ಇವರು ಹಣ್ಣಿನ ಮಾತಾಡ್ತಿದ್ದಾರೆ ಅಂತ ಫೋನಿನಲ್ಲೇ ಗೊತ್ತಾಗುತ್ತಿತ್ತು.

ಹಾಗಾಗಿ ಯಾವುದು ಸರಿ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಇಂಗ್ಲಿಷಿನವರಾದರೂ ಏನು ಮಾಡಿದರು? ಫ್ರಾನ್ಸಿನ ನಾರ್ಮನ್ನರ ಮಾತಿನಲ್ಲಿ 'ಚೆರೀಸ್' ಅನ್ನೋದು ಏಕವಚನ. ಕೊನೆಯ 'ಸ್' ಬಹುವಚನದ್ದು ಅಂದುಕೊಂಡು ಕಿತ್ತುಹಾಕಿ 'ಚೆರಿ' ಮಾಡಿಕೊಂಡರು. ನಮ್ಮ ಬೇಕರಿ ಕೇಕಿನ ಮೇಲಿರುವ ಚೆರಿ ಎಷ್ಟೋ ಸಲ ಬಣ್ಣ ಹಾಕಿ ಪಾಕದಲ್ಲಿ ನೆನೆಸಿದ ಕರಂಡೆ ಕಾಯಿ. ಅದನ್ನೂ ಎಲ್ಲರೂ ಚೆರಿ ಅಂತಲೇ ತಿಂತಾರೆ ಅಲ್ವಾ?

ಇಲ್ಲಿನ ವ್ಯಾಪಾರಿ ಹತ್ತಿರ ನಮ್ಮ ಮಾತೇ ಆಡಿ, ಸುಮ್ನೆ ಬದಲಾಯಿಸಬೇಡಿ. ಹೊರಗಿನವರು ಕೇಳಿದರೆ ಮಾತ್ರ ಹಸಿ ಹಣ್ಣಾ, ಒಣಗಿದ್ದಾ ಅಂತ ಕೇಳಿ. ಎರಡರ ಫೋಟೋ ಕಳಿಸಿ, ಕೆಜಿ ರೇಟ್ ಬರೆಸಿಕೊಳ್ಳಿ. ಆಮೇಲೆ ಕೊಯ್ಲಿಗೆ ಆಳು ಕರೆಯಿರಿ.