ಪ್ರತಿಕ್ರಿಯೆ: ಅಳು ಬರಲಿಲ್ಲ, ಸಿಟ್ಟು ಬಂತು ಅಂದಿರಲ್ಲ…

ನಿಮಗೊಬ್ಬರಿಗೇ ಅಲ್ಲ. '9-1-1' ಅನ್ನೋ ಅಮೆರಿಕದ ಟಿವಿ ಧಾರಾವಾಹಿಯ ಎಂಟನೇ ಸೀಸನ್‌ನಲ್ಲಿ ಅಗ್ನಿಶಾಮಕ ದಳದ ಕ್ಯಾಪ್ಟನ್ ಬಾಬಿ ನ್ಯಾಶ್ ಅಂತ್ಯಕ್ರಿಯೆಯ ಎಪಿಸೋಡ್ ನೋಡಿ ಅಳುವ ಬದಲು ಸಿಟ್ಟು ಬಂತು, ನನಗೇನಾಗಿದೆ ಅಂತ ಕೇಳಿದ್ದೀರಿ. ಏನೂ ಆಗಿಲ್ಲ. 2025ರ ಏಪ್ರಿಲ್‌ನಲ್ಲಿ ಬಾಬಿ ಸತ್ತಾಗ ಎಷ್ಟೋ ಜನ ಅದನ್ನು ನಂಬಲೇ ಇಲ್ಲ. ಇದೆಲ್ಲ ಸುಮ್ನೆ ಆಟ, ಆತ ವಾಪಸ್ ಬಂದೇ ಬರುತ್ತಾನೆ ಅಂತ ವಾದಿಸಿದವರೂ ಇದ್ದರು.

ಸಿಟ್ಟಿಗೆ ಕಾರಣ ಕಥೆಯಲ್ಲೇ ಇದೆ. ಪ್ರಯೋಗಾಲಯವೊಂದರಲ್ಲಿ ತಂಡಕ್ಕೆ ಮಾರಕ ವೈರಸ್ ಎದುರಾಗುತ್ತದೆ. ಅದಕ್ಕೆ ಸಿಕ್ಕಿದ್ದು ಒಂದೇ ಡೋಸ್ ಔಷಧಿ, ಅದು ಬಾಬಿಯ ತಂಡದವನೇ ಆದ ಚಿಮ್ನಿಗೆ ಹೋಯಿತು. ತನಗೂ ಸೋಂಕು ತಗುಲಿದೆ ಅಂತ ಬಾಬಿ ಬಾಯಿಬಿಟ್ಟಿದ್ದು ಆಮೇಲೆ. ವಾದ ಮಾಡೋಕೆ, ಬೇರೆ ದಾರಿ ಹುಡುಕೋಕೆ ಯಾರಿಗೂ ಅವಕಾಶವನ್ನೇ ಕೊಡಲಿಲ್ಲ. ಹೆಂಡತಿ ಅಥೀನಾ ಗಾಜಿನ ಆಚೆ ನಿಂತು ನೋಡಬೇಕಾಯಿತು. ತ್ಯಾಗ ಅಂತ ಕರೆದುಬಿಟ್ಟರೆ ಉಳಿದವರು ದೂರುವ ಹಾಗೂ ಇಲ್ಲ, ಅಲ್ವಾ? ಚಿಮ್ನಿಯ ಪಾಡು ಎಲ್ಲರಿಗಿಂತ ಕಷ್ಟ. ಬದುಕಿದ್ದಕ್ಕೆ ಖುಷಿಪಡೋಕೂ ಆಗಲ್ಲ.

ಬಾಬಿಯ ಹಳೆಯ ಕಥೆ ನೆನಪಿದ್ದರೆ ಇನ್ನೂ ಜಾಸ್ತಿ ಚುಚ್ಚುತ್ತದೆ. ಮಿನ್ನೆಸೋಟದ ಬೆಂಕಿಯಲ್ಲಿ ಹೆಂಡತಿ, ಮಕ್ಕಳು ಸೇರಿ 148 ಜನ ಸತ್ತರು. ಅಷ್ಟೇ ಜೀವ ಉಳಿಸಿ ತಾನೂ ಹೋಗಿಬಿಡೋಣ ಅಂದುಕೊಂಡಿದ್ದವನು ಅವನು. ಕೊನೆಗೆ ಬದುಕೋ ಆಸೆ ಹುಟ್ಟಿದಾಗಲೇ ಕಥೆ ಮುಗಿಸಿಬಿಟ್ಟರು. ನನಗೂ ಬರಹಗಾರರ ಮೇಲೆ ಕೋಪವಿದೆ, ಆದರೆ ಅಂತ್ಯಕ್ರಿಯೆಯ ಸಮವಸ್ತ್ರ, ಮೆರವಣಿಗೆಯ ದೃಶ್ಯಗಳ ಮೇಲಲ್ಲ.

ಸಾವಿನ ಎಪಿಸೋಡ್ 15ನೆಯದು, ಅಂತ್ಯಕ್ರಿಯೆ 16ನೆಯದು. ಮೊದಲನೆಯದು ಪ್ರಸಾರವಾಗಿ ಎರಡು ವಾರಕ್ಕೆ ಎರಡನೆಯದು ಬಂತು. ಒಮ್ಮೆ ಎರಡನ್ನೂ ಒಟ್ಟಿಗೆ ನೋಡಿ, ಚಿಮ್ನಿಯ ಮುಖವನ್ನಷ್ಟೇ ಗಮನಿಸುತ್ತಾ.