ಶೀತ ಹೋಯ್ತು, ಕೆಮ್ಮು ಹೋಗಿಲ್ಲ

ಮನೆಮಂದಿಗೆಲ್ಲ ಶೀತ ಬಂದು ಹೋಗಿ ಎರಡು ವಾರ ಆಯ್ತು, ನಿಮಗೂ ಐದು ವರ್ಷದ ಮಗಳಿಗೂ ಕೆಮ್ಮು ಮಾತ್ರ ನಿಂತಿಲ್ಲ, ಆ್ಯಂಟಿಬಯೋಟಿಕ್ ಬೇಕಾ ಅಂತ ಕೇಳಿದ್ದೀರಿ. ಬರೀ ಕೆಮ್ಮು ಉಳಿದಿದ್ದರೆ ಸಾಮಾನ್ಯವಾಗಿ ಬೇಡ. ಶೀತ ತರುವುದು ವೈರಸ್, ಅದಕ್ಕೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ವೈರಸ್ ಹೋದ ಮೇಲೂ ಶ್ವಾಸನಾಳದ ಒಳಪದರ ಕೆರಳಿಯೇ ಇರುತ್ತದೆ. ತಣ್ಣನೆ ಗಾಳಿ, ಧೂಳು, ಒಂದು ಜೋರು ನಗು ಸಾಕು, ಕೆಮ್ಮು ಶುರು. ಕೆಲವರಿಗೆ ಇದು 8 ವಾರದ ತನಕವೂ ಎಳೆಯುತ್ತದೆ.

ನನ್ನ ಮಗನಿಗೂ ಹೀಗೇ ಆಗಿತ್ತು. ಹಗಲೆಲ್ಲ ಆಡಿಕೊಂಡಿರುತ್ತಿದ್ದ, ದಿಂಬಿಗೆ ತಲೆ ಇಟ್ಟ ಕೂಡಲೇ ಖೊಕ್ ಖೊಕ್. ಮಲಗಿದಾಗ ಸಿಂಬಳ ಮೂಗಿನ ಹಿಂದಿನಿಂದ ಗಂಟಲಿಗೆ ಇಳಿಯುತ್ತದೆ, ಅಲ್ವಾ? ಮಲಗುವ ಮುಂಚೆ ಮೂಗಿಗೆ ಸಲೈನ್ (ಉಪ್ಪುನೀರಿನ) ಹನಿ, ಆಮೇಲೆ ಅರ್ಧ ಚಮಚ ಜೇನುತುಪ್ಪ. ಕೆಮ್ಮು ಪೂರ್ತಿ ನಿಲ್ಲಲಿಲ್ಲ, ಆದರೆ ನಿದ್ದೆ ಬಂತು (ನನಗೂ!). ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನುತುಪ್ಪ ಕೊಡಲೇಬೇಡಿ, ಬಾಟ್ಯುಲಿಸಂ ಅನ್ನುವ, ನರಗಳಿಗೆ ತಗಲುವ ಗಂಭೀರ ಕಾಯಿಲೆಯ ಅಪಾಯ ಇದೆ. ನಿಮ್ಮ ಕೆಮ್ಮಿನ ಸಿರಪ್ಪನ್ನೇ ಮಗಳಿಗೂ ಸ್ವಲ್ಪ ಕೊಡೋಣ ಅಂತ ಸುಮ್ನೆ ಕೊಟ್ಟುಬಿಡಬೇಡಿ. ಮನೆಯೊಳಗೆ ಯಾರಾದರೂ ಸಿಗರೇಟ್ ಸೇದುತ್ತಿದ್ದರೆ ಕೆಮ್ಮು ಇನ್ನೂ ಕೆರಳುತ್ತದೆ.

ಉಸಿರಾಡಲು ಕಷ್ಟ, ಎದೆಯಲ್ಲಿ ಸುಯ್ ಅನ್ನುವ ಶಬ್ದ, ಕಫದಲ್ಲಿ ರಕ್ತ, ಹೋದ ಜ್ವರ ಮತ್ತೆ ಬರುವುದು, ಕೆಮ್ಮಿ ಕೆಮ್ಮಿ ವಾಂತಿ, ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಇವೇನೂ ಇಲ್ಲದಿದ್ದರೂ 3 ವಾರ ದಾಟಿದರೆ ಒಮ್ಮೆ ತೋರಿಸಿ. ಮಗಳಿಗೆ ಓಡಿದಾಗ ಕೆಮ್ಮು ಜಾಸ್ತಿ ಆಗುತ್ತಿದ್ದರೆ ಅದನ್ನೂ ಹೇಳಿ, ಆಸ್ತಮಾ ಇದೆಯಾ ಅಂತ ನೋಡುತ್ತಾರೆ.