ಸಿಗ್ನಲ್‌ನಲ್ಲಿ ಯಾವ ಲೇನ್ ಹಿಡೀಬೇಕು? ಓದುಗರ ಪ್ರಶ್ನೆ, ಡ್ರೈವಿಂಗ್ ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರೇ, ನಾನು ದಿನಾ ಕೆಂಗೇರಿಯಿಂದ ಟೌನ್‌ಹಾಲ್ ಕಡೆಗೆ ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗ್ತೀನಿ. ಪ್ರತಿ ರೆಡ್‌ನಲ್ಲೂ ನಾನು ಕಾರುಗಳ ಹಿಂದೆ ನಿಂತಿರ್ತೀನಿ, ಮಿಕ್ಕವರೆಲ್ಲ ಎಡಗಡೆ ಸಂದೀಲಿ ನುಗ್ಗಿ ಮುಂದೆ ಹೋಗಿ ನಿಲ್ತಾರೆ. ನಾನೂ ಹಾಗೇ ಮಾಡ್ಬೇಕಾ? ಯಾವ ಕಡೆಯಿಂದ ಹೋದ್ರೆ ಬೇಗ ಆಗುತ್ತೆ?
– ಓದುಗ, ಕೆಂಗೇರಿ ಉಪನಗರ

ಉತ್ತರ: ಮೊದ್ಲು ಒಂದು ಲೆಕ್ಕ ಹಾಕೋಣ, ಈ ಲೆಕ್ಕ ತಲೇಲಿ ಕೂತ್ರೆ ಅರ್ಧ ಆತುರ ತಾನಾಗೇ ಇಳಿಯುತ್ತೆ. ಗ್ರೀನ್ ಬಿದ್ದ ಮೇಲೆ ಮೊದಲನೇ ಗಾಡಿ ಕದಲೋಕೆ ಎರಡು ಮೂರು ಸೆಕೆಂಡ್ ಬೇಕು, ಆಮೇಲೆ ಒಂದರ ಹಿಂದೆ ಒಂದು ಕಾರು ಹೆಚ್ಚುಕಮ್ಮಿ 2 ಸೆಕೆಂಡಿಗೊಂದರಂತೆ ಲೈನ್ ದಾಟುತ್ತೆ. ಟ್ರಾಫಿಕ್ ಎಂಜಿನಿಯರ್‌ಗಳು ಸಿಗ್ನಲ್‌ಗೆ ಟೈಮ್ ಇಡೋದೂ ಹೆಚ್ಚುಕಮ್ಮಿ ಇದೇ ಲೆಕ್ಕದ ಮೇಲೆ. ಅಂದ್ರೆ 30 ಸೆಕೆಂಡ್ ಗ್ರೀನ್ ಇದ್ರೆ ಒಂದು ಲೇನ್‌ನಲ್ಲಿ 13-14 ಕಾರು ಪಾಸ್ ಆಗುತ್ತೆ. ಈಗ ನಿಮ್ಮ ಮುಂದೆ ಆರು ಕಾರು ನಿಂತಿದೆ ಅಂದ್ಕೊಳ್ಳಿ, ಸಂದೀಲಿ ನುಗ್ಗಿ ಮುಂದೆ ಹೋದ್ರೂ ನಿಮಗೆ ಉಳಿಯೋದು ಹನ್ನೆರಡು ಸೆಕೆಂಡ್, ಅದೂ ಮುಂದಿನ ರೆಡ್‌ನಲ್ಲಿ ನಿಂತಾಗ ಖರ್ಚಾಗಿ ಹೋಗುತ್ತೆ, ಆ ಆರು ಕಾರೂ ಬಂದು ನಿಮ್ಮ ಪಕ್ಕದಲ್ಲೇ ನಿಲ್ಲುತ್ತೆ. ಆದ್ರೆ ಮುಂದೆ ಇಪ್ಪತ್ತು ಕಾರಿದ್ರೆ ಕಥೆ ಬೇರೆ, ಆಗ ಈ ಗ್ರೀನ್ ತಪ್ಪುತ್ತೆ, ಇನ್ನೊಂದು ಪೂರ್ತಿ ರೌಂಡ್ ಅಂದ್ರೆ ಎರಡು ನಿಮಿಷ ಅಥವಾ ಜಾಸ್ತಿನೇ ನಿಲ್ಬೇಕು. ಹಾಗಾಗಿ ಎಷ್ಟನೇ ಜಾಗದಲ್ಲಿ ನಿಂತಿದೀನಿ ಅಂತ ನೋಡ್ಬೇಡಿ, ಈ ಗ್ರೀನ್‌ಗೆ ದಾಟ್ತೀನಾ ಇಲ್ವಾ ಅಂತ ಮಾತ್ರ ನೋಡಿ. ದಾಟ್ತೀರಿ ಅನ್ನೋ ಹಾಗಿದ್ರೆ ಇರೋ ಜಾಗದಲ್ಲೇ ಇರಿ.

ಇನ್ನು ಎಡಗಡೆ ಸಂದಿ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಎಡದಿಂದ ಓವರ್‌ಟೇಕ್ ಮಾಡೋಕೆ ಕಾನೂನು ಸಾಮಾನ್ಯವಾಗಿ ಬಿಡಲ್ಲ, ಮುಂದಿನ ಗಾಡಿ ಬಲಕ್ಕೆ ತಿರುಗ್ತೀನಿ ಅಂತ ಇಂಡಿಕೇಟರ್ ಹಾಕಿ ಬಲಕ್ಕೆ ಸರಿದಿರೋ ಥರದ ಕೆಲವು ಸಂದರ್ಭದಲ್ಲಿ ಮಾತ್ರ ಎಡದಿಂದ ಹೋಗ್ಬಹುದು. ಆದ್ರೆ ಕಾನೂನು ಹೇಳಿದ ತಕ್ಷಣ ಯಾರೂ ಬಿಡಲ್ಲ ಅಂತ ಗೊತ್ತು, ಅದಕ್ಕೇ ಅಲ್ಲಿ ಏನಾಗುತ್ತೆ ಅಂತ ಹೇಳ್ತೀನಿ. ಸಿಟಿ ಬಸ್ 12 ಮೀಟರ್ ಉದ್ದ ಇರುತ್ತೆ. ಎಡಕ್ಕೆ ತಿರುಗುವಾಗ ಅದರ ಮುಂದಿನ ಚಕ್ರ ಹೋದ ದಾರೀಲಿ ಹಿಂದಿನ ಚಕ್ರ ಬರಲ್ಲ, ಮೂಲೆ ಕಡೆಗೆ ಒಳಗೆ ಕತ್ತರಿಸ್ಕೊಂಡು ಬರುತ್ತೆ. ಡ್ರೈವರ್ ಬೇಕಂತಲೇ ಮೊದ್ಲು ಸ್ವಲ್ಪ ಬಲಕ್ಕೆ ಹೋಗಿ ಆಮೇಲೆ ಎಡಕ್ಕೆ ಎಳೀತಾನೆ, ಆವಾಗ ಬಸ್ಸಿಗೂ ಫುಟ್‌ಪಾತ್‌ಗೂ ಮಧ್ಯೆ ಒಂದು ದೊಡ್ಡ ಜಾಗ ತೆರೆದುಕೊಳ್ಳುತ್ತೆ, ನೋಡಿದವರಿಗೆ ಬಾ ಅಂತ ಕರೆದ ಹಾಗೇ ಇರುತ್ತೆ. ಮೂರು ನಾಲ್ಕು ಸೆಕೆಂಡಿನಲ್ಲಿ ಆ ಜಾಗ ಪೂರ್ತಿ ಮುಚ್ಚಿಹೋಗುತ್ತೆ.

ನಾನೇ ಒಂದ್ಸಲ ಆ ಜಾಗಕ್ಕೆ ಹೋಗಿದ್ದೆ. ಆಗಿನ್ನೂ ಸ್ಕೂಲ್ ಶುರು ಮಾಡಿರಲಿಲ್ಲ, ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು, ರೆಡ್ ಇತ್ತು, ಬಸ್ಸಿನ ಎಡಗಡೆ ಜಾಗ ಇದೆ ಅಂತ ಗಾಡಿ ತೂರಿಸಿದೆ. ಗ್ರೀನ್ ಬಿತ್ತು, ಬಸ್ಸು ಎಡಕ್ಕೆ ಹೊರಳ್ತು. ಮೊದ್ಲು ನನ್ನ ಬಲಗಡೆ ಮಿರರ್ ಬಸ್ಸಿನ ತಗಡಿಗೆ ತಾಗಿ ಮಡಚ್ಕೊಂಡಿತು, ಆಮೇಲೆ ಎಡಗಾಲು ಹಳದಿ ಕಪ್ಪು ಬಣ್ಣ ಬಳಿದ ಕಲ್ಲಿಗೆ ಒತ್ತಿಕೊಂಡಿತು, ಹಿಂದಿನ ಚಕ್ರದ ನಟ್ಟುಗಳು ನನ್ನ ಮೊಣಕಾಲಿನ ಪಕ್ಕದಲ್ಲೇ ನಿಧಾನಕ್ಕೆ ತಿರುಗ್ತಾ ಬರ್ತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಂಡಕ್ಟರ್ ಫುಟ್‌ಬೋರ್ಡ್ ಮೇಲಿಂದ ನೋಡಿ 'ಹೋಲ್ಡಾನ್ ಹೋಲ್ಡಾನ್' ಅಂತ ಕಿರುಚಿ ಬಾಡಿ ಬಡಿದ, ಬಸ್ ನಿಂತಿತು. ಡ್ರೈವರ್‌ಗೆ ನಾನು ಅಲ್ಲಿದೀನಿ ಅಂತಾನೇ ಗೊತ್ತಿರಲಿಲ್ಲ, ಅವನ ತಪ್ಪೇನೂ ಇಲ್ಲ, ಆ ಎತ್ತರದ ಸೀಟಿನಿಂದ ಎಡಗಡೆ ಕೆಳಗೆ ಇರೋ ಸ್ಕೂಟರ್ ಕಾಣಲ್ಲ. ಲಾರಿ, ವಾಟರ್ ಟ್ಯಾಂಕರ್‌ಗೂ ಇದೇ ಮಾತು. ಡ್ರೈವರ್ ಮುಖ ಅವನ ಮಿರರ್‌ನಲ್ಲಿ ನಿಮಗೆ ಕಾಣ್ತಿಲ್ಲ ಅಂದ್ರೆ ಅವನಿಗೂ ನೀವು ಕಾಣ್ತಿಲ್ಲ, ಅಂಥ ಜಾಗದಲ್ಲಿ ಒಂದು ಸೆಕೆಂಡೂ ನಿಲ್ಬೇಡಿ, ದಯವಿಟ್ಟು.

ಹಾಗಾದ್ರೆ ಬೇಗ ಹೋಗೋದು ಹೇಗೆ? ಅದು ಸಿಗ್ನಲ್ ಹತ್ತಿರ ಬಂದ ಮೇಲೆ ಮಾಡೋ ಕೆಲಸ ಅಲ್ಲ, ಇನ್ನೂರು ಮೀಟರ್ ಹಿಂದೆನೇ ಮಾಡ್ಬೇಕು. ನಿಮ್ಮದು ದಿನಾ ಹೋಗೋ ದಾರಿ, ಯಾವ ಜಂಕ್ಷನ್ ದಾಟಿದ ಕೂಡ್ಲೇ ಬಸ್ ಸ್ಟಾಪ್ ಇದೆ, ಎಲ್ಲಿ ಆಟೋದವ್ರು ಸವಾರಿಗೆ ಕಾಯ್ತಾ ನಿಲ್ತಾರೆ ಅಂತ ಒಂದು ವಾರ ಗಮನಿಸಿ ನೋಡಿ. ಅಂಥ ಕಡೆ ಎಡ ಲೇನ್ ರೆಡ್‌ನಲ್ಲಿ ಖಾಲಿ ಕಾಣುತ್ತೆ, ಆದ್ರೆ ಗ್ರೀನ್ ಬಿದ್ದು ಐವತ್ತು ಮೀಟರ್ ಹೋದ ಮೇಲೆ ಅಲ್ಲೇ ಸಿಕ್ಕಾಕೊಳ್ತೀರಿ. ಬಲ ಲೇನ್‌ನಲ್ಲಿ ಯು ಟರ್ನ್ ಹೊಡೆಯೋರು ಎದುರಿನ ಟ್ರಾಫಿಕ್ ಖಾಲಿಯಾಗಲಿ ಅಂತ ಮೂತಿ ಇಟ್ಟುಕೊಂಡು ನಿಂತಿರ್ತಾರೆ. ನೇರ ಹೋಗೋರಿಗೆ ಸಾಮಾನ್ಯವಾಗಿ ಮಧ್ಯದ ಲೇನೇ ಒಳ್ಳೇದು, ಅದು ರೆಡ್‌ನಲ್ಲಿ ಉದ್ದ ಕಂಡ್ರೂ ಸರಾಗವಾಗಿ ಹರಿಯುತ್ತೆ. ನಿಮ್ಮ ದಾರೀಲಿ ಸಿರ್ಸಿ ಸರ್ಕಲ್‌ನಲ್ಲಿ ಫ್ಲೈಓವರ್ ಹತ್ತೋರಾದ್ರೆ ಮೊದಲೇ ಬಲಕ್ಕೆ ಸರಿದಿರಿ, ಕೊನೇ ಗಳಿಗೇಲಿ ಅಡ್ಡಡ್ಡ ಎಳೆಯೋರಿಂದಲೇ ಅಲ್ಲಿ ಎಲ್ರಿಗೂ ಲೇಟಾಗೋದು. ಮತ್ತೆ ಕ್ಯೂನಲ್ಲಿ ಯಾರ ಹಿಂದೆ ನಿಲ್ತೀರಿ ಅನ್ನೋದೂ ಮುಖ್ಯ, ಲೋಡ್ ತುಂಬಿದ ಲಾರಿ ಎದ್ದು ಹೊರಡೋಷ್ಟರಲ್ಲಿ ಪಕ್ಕದ ಲೇನ್‌ನಲ್ಲಿ ಮೂರು ಕಾರು ಹೋಗಿರುತ್ತೆ, ಆದ್ದರಿಂದ ಮೂರು ಕಾರಿನ ಹಿಂದೆ ನಿಂತ್ರೂ ಒಂದೇ, ಒಂದು ಲಾರಿ ಹಿಂದೆ ನಿಂತ್ರೂ ಒಂದೇ.

ಪ್ರಶ್ನೆ: ನಾನು ಹೊಸದಾಗಿ ಕಾರು ಓಡಿಸ್ತಿದೀನಿ. ನೇರ ಹೋಗ್ಬೇಕು ಅಂತ ಎಡ ಲೇನ್‌ನಲ್ಲಿ ರೆಡ್‌ಗೆ ನಿಂತ್ರೆ ಹಿಂದಿನವರು ಹಾರ್ನ್ ಮೇಲೆ ಹಾರ್ನ್ ಹೊಡೀತಾರೆ, ಕೆಲವರು ಬೈತಾರೆ. ಗಾಬರಿಯಾಗಿ ಒಂದ್ಸಲ ಲೈನ್ ದಾಟಿ ಮುಂದೆ ಹೋಗಿ ನಿಂತೆ, ಫೈನ್ ಬಂತು. ನನ್ನದು ತಪ್ಪಾ?
– ಓದುಗಿ, ಮಲ್ಲೇಶ್ವರಂ

ಉತ್ತರ: ಅಮ್ಮಾ, ಅಲ್ಲಿ ಫ್ರೀ ಲೆಫ್ಟ್ ಬೋರ್ಡ್ ಇತ್ತಾ ಅಂತ ಮೊದ್ಲು ನೋಡಿ. ಬೋರ್ಡ್ ಇದ್ರೆ ಹಾರ್ನ್ ಹೊಡೆದವರದ್ದು ಸರಿ, ಎಡಕ್ಕೆ ಹೋಗೋರ ದಾರಿ ನೀವು ಕಟ್ಟಿದ ಹಾಗಾಯ್ತು, ಇನ್ಮೇಲೆ ಮಧ್ಯದ ಲೇನ್ ಹಿಡೀರಿ. ಬೋರ್ಡ್ ಇಲ್ಲ ಅಂದ್ರೆ ಎಡಕ್ಕೆ ಹೋಗೋರಿಗೂ ರೆಡ್ ರೆಡ್ಡೇ, ಅವರು ಎಷ್ಟು ಹಾರ್ನ್ ಹೊಡೆದ್ರೂ ನೀವು ಕದಲಬೇಕಾಗಿಲ್ಲ. ಎರಡರಲ್ಲಿ ಯಾವುದಾದ್ರೂ ಸರಿ, ಹಾರ್ನ್‌ಗೆ ಹೆದರಿ ಸ್ಟಾಪ್ ಲೈನ್ ದಾಟಬೇಡಿ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಕ್ಯಾಮೆರಾ ಸಿಸ್ಟಮ್ ಬಂತಲ್ಲ, ಅದು ಸಿಗ್ನಲ್ ಜಂಪ್ ಅಷ್ಟೇ ಅಲ್ಲ, ಚಕ್ರ ಸ್ಟಾಪ್ ಲೈನ್ ಮೇಲೆ ನಿಂತಿದ್ರೂ ಫೋಟೋ ಹೊಡೆಯುತ್ತೆ. ಹಿಂದಿನವನು ಹಾರ್ನ್ ಹೊಡೆದಿದ್ದು ಆ ಫೋಟೋದಲ್ಲಿ ಬರಲ್ಲ.

ಹೊಸಬರಿಗೆ ಇನ್ನೊಂದು ಮಾತು. ಲೇನ್ ತಪ್ಪಿದ್ರೆ ತಪ್ಪಲಿ, ಆ ಲೇನ್ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಹೋಗಿಬಿಡಿ. ಮಲ್ಲೇಶ್ವರಂ ಕಡೆಯವರು ಏರ್‌ಪೋರ್ಟ್‌ಗೆ ಹೋಗ್ತಾ ಮೇಖ್ರಿ ಸರ್ಕಲ್ ಹತ್ತಿರ ಇದೇ ಎಡವಟ್ಟು ಮಾಡ್ಕೊಳ್ತಾರೆ, ಬಳ್ಳಾರಿ ರಸ್ತೇಲಿ ಅಂಡರ್‌ಪಾಸ್‌ಗೆ ಇಳಿಯೋರು ಒಳಗಿನ ಬಲ ಲೇನ್‌ನಲ್ಲಿ ಇರ್ಬೇಕು, ಮೇಲೆ ಸರ್ಕಲ್‌ಗೆ ಹೋಗೋರು ಎಡದಲ್ಲಿ. ಇಳಿಯೋ ಬಾಯಿ ಹತ್ತಿರ ಬಂದು ಅಯ್ಯೋ ಅಂತ ತಿರುಗಿಸೋಕಿಂತ ಮುಂದೆ ಹೋಗಿ ಸುತ್ತು ಹಾಕ್ಕೊಂಡು ಬಂದ್ರೆ ಹತ್ತು ನಿಮಿಷ ಹೋಗುತ್ತೆ, ಅಷ್ಟೇ ತಾನೇ.

ಪ್ರಶ್ನೆ: ಟೈಮರ್‌ನಲ್ಲಿ 3, 2 ಅಂತ ಬಂದಾಗಲೇ ಎಲ್ರೂ ಹೊರಡ್ತಾರೆ. ಹೊರಟ್ರೆ ತಪ್ಪೇನು, ಆ ಕಡೆ ಹೇಗೂ ರೆಡ್ ಬಿದ್ದಿರುತ್ತಲ್ಲ?
– ಕಾಲೇಜು ಹುಡುಗ, ತುಮಕೂರು

ಉತ್ತರ: ಆ ಕಡೆ ರೆಡ್ ಬಿದ್ದಿರುತ್ತೆ ನಿಜ, ಆದ್ರೆ ಗಾಡಿ ಇನ್ನೂ ಬರ್ತಿರುತ್ತೆ. ಗಂಟೆಗೆ 40 ಕಿಲೋಮೀಟರ್ ಸ್ಪೀಡ್‌ನಲ್ಲಿ ಬರೋ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಬರುತ್ತೆ, ಅಂದ್ರೆ ಮೂರು ಸೆಕೆಂಡಿನಲ್ಲಿ 33 ಮೀಟರ್. ಆ ಕಡೆಯವನೂ ನಿನ್ನ ಹಾಗೇ ಯೋಚನೆ ಮಾಡಿ ಹಳದೀಲಿ ಎಕ್ಸಲರೇಟರ್ ಒತ್ತಿರ್ತಾನೆ ಕಣಪ್ಪಾ. ಇಬ್ರೂ ಸೇರೋದು ಜಂಕ್ಷನ್ ಮಧ್ಯದಲ್ಲಿ. ಹಿಂದಿನ ಗ್ರೀನ್ ಮುಗಿದು ಈ ಗ್ರೀನ್ ಬರೋ ಮಧ್ಯೆ ಎಲ್ಲಾ ಕಡೆಗೂ ರೆಡ್ ಇರೋ ಒಂದೆರಡು ಸೆಕೆಂಡ್ ಇಟ್ಟಿರೋದೇ ಒಳಗೆ ಸಿಕ್ಕೊಂಡವರು ಆಚೆ ಹೋಗಲಿ ಅಂತ, ಅದು ನಿನಗೆ ಮುಂಚೆ ಹೊರಡೋಕೆ ಕೊಟ್ಟ ಟೈಮ್ ಅಲ್ಲ. ಮೊದಲನೇ ಸಾಲಿನಲ್ಲಿ ನಿಂತಿದ್ರೆ ಗ್ರೀನ್ ಬಿದ್ದ ಮೇಲೆ ಬಲಗಡೆ ಒಂದ್ಸಲ, ಎಡಗಡೆ ಒಂದ್ಸಲ ನೋಡಿ ಹೊರಡು, ಬಲಗಡೆಯಿಂದ ಬರೋನೇ ಮೊದ್ಲು ನಿನ್ನ ಮೇಲೆ ಬರೋದು.

ಅದೇ ರೀತಿ ಗ್ರೀನ್ ಬಿದ್ದ ಮೇಲೆ ಮೊಬೈಲ್ ನೋಡ್ತಾ ನಿಲ್ಲೋದೂ ಅಷ್ಟೇ ತಪ್ಪು. 2024ರಿಂದ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನವರ ಟೆಕ್ನಾಲಜಿ ಹಾಕಿ ಅಡಾಪ್ಟಿವ್ ಸಿಗ್ನಲ್ ಮಾಡ್ತಿದಾರೆ, ಅದು ಕ್ಯಾಮೆರಾದಲ್ಲಿ ಗಾಡಿ ಎಷ್ಟಿದೆ ಅಂತ ನೋಡಿ ಗ್ರೀನ್ ಉದ್ದ ಗಿಡ್ಡ ಮಾಡುತ್ತೆ. ಇಂಥ ಸಿಗ್ನಲ್‌ಗಳಲ್ಲಿ ಮಧ್ಯೆ ದೊಡ್ಡ ಗ್ಯಾಪ್ ಬಿದ್ರೆ ಈ ಕಡೆ ಗಾಡಿ ಮುಗೀತು ಅಂದ್ಕೊಂಡು ಗ್ರೀನ್ ಕಟ್ ಆಗ್ಬಹುದು. ಮುಂದೆ ನಿಂತವನು ಮೂರು ಸೆಕೆಂಡ್ ಮೈಮರೆತ್ರೆ ಹಿಂದೆ ಇರೋ ಎಷ್ಟೋ ಜನಕ್ಕೆ ಪೂರ್ತಿ ರೌಂಡ್ ಹೋಗುತ್ತೆ.

ಪ್ರಶ್ನೆ: ನನಗೆ 71 ವರ್ಷ. ಬೆಳಿಗ್ಗೆ ದೇವಸ್ಥಾನಕ್ಕೆ ಹೋಗೋಕೆ ಒಂದು ದೊಡ್ಡ ರಸ್ತೆ ದಾಟ್ಬೇಕು. ರೆಡ್ ಬಿದ್ರೂ ಬೈಕುಗಳು ಜೀಬ್ರಾ ಮೇಲೆಲ್ಲಾ ನಿಂತಿರುತ್ತವೆ, ನನಗೆ ಹೋಗೋಕೆ ದಾರಿನೇ ಇರಲ್ಲ. ನೀವು ಗಾಡಿ ಕಲಿಸೋರು, ಇವರಿಗೆ ಏನು ಹೇಳಿಕೊಡ್ತೀರಿ?
– ಓದುಗಿ, ಬಸವನಗುಡಿ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಮನಸ್ಸಿಗೆ ತುಂಬಾ ಕಷ್ಟ ಆಯ್ತು, ಯಾಕಂದ್ರೆ ಮೇಲೆ ಬಂದಿರೋ ಮೂರೂ ಪ್ರಶ್ನೆಗೂ ಕೊನೇಗೆ ಬೆಲೆ ತೆರೋರು ನೀವೇ. ಮುಂದೆ ಹೋಗಿ ನಿಲ್ಬೇಕು ಅಂತ ಪ್ರತಿಯೊಬ್ರೂ ಒಂದೊಂದು ಅಡಿ ಸರೀತಾರೆ, ಸ್ಟಾಪ್ ಲೈನ್ ಹೋಗುತ್ತೆ, ಜೀಬ್ರಾ ಹೋಗುತ್ತೆ, ಆಮೇಲೆ ನೀವು ಬೈಕುಗಳನ್ನ ಬಳಸ್ಕೊಂಡು ಜಂಕ್ಷನ್ ಮಧ್ಯಕ್ಕೇ ಬಂದು ದಾಟ್ಬೇಕಾಗುತ್ತೆ, ಅಲ್ಲಿ ಅಡ್ಡ ರಸ್ತೆಯ ಗಾಡಿಗಳು ನಿಮ್ಮ ಸೀರೆ ಸೆರಗಿಗೆ ತಾಗೋ ಹಾಗೆ ಹೋಗ್ತಿರುತ್ತವೆ. ಇಷ್ಟಕ್ಕೂ ಆ ಬೈಕಿನವನಿಗೆ ಸಿಕ್ಕಿದ್ದು ನಾಲ್ಕು ಮೀಟರ್, ಅರ್ಧ ಸೆಕೆಂಡ್ ಕೂಡ ಇಲ್ಲ. ಜೊತೆಗೆ ಅಷ್ಟು ಮುಂದೆ ನಿಂತವನಿಗೆ ಎಷ್ಟೋ ಕಡೆ ಸಿಗ್ನಲ್ ದೀಪ ತಲೆ ಮೇಲೋ ಹಿಂದೋ ಆಗಿ ಕಾಣೋದೇ ಇಲ್ಲ, ಹಿಂದಿನವರು ಹಾರ್ನ್ ಹೊಡೆದಾಗಲೇ ಅವನಿಗೆ ಗ್ರೀನ್ ಬಿದ್ದಿದ್ದು ಗೊತ್ತಾಗೋದು.

ತೈವಾನ್‌ನಲ್ಲಿ ನಮ್ಮ ಹಾಗೇ ರಸ್ತೆ ತುಂಬಾ ಸ್ಕೂಟರ್‌ಗಳು. ಅಲ್ಲಿ ಕಾರುಗಳ ಸ್ಟಾಪ್ ಲೈನ್‌ಗೂ ಜೀಬ್ರಾಗೂ ಮಧ್ಯೆ ಸ್ಕೂಟರ್‌ಗಳಿಗೇ ಅಂತ ಬಿಳೀ ಬಣ್ಣದ ದೊಡ್ಡ ಚೌಕ ಬರೆದಿರ್ತಾರೆ, ಕಾರಿನವರು ಅದರ ಹಿಂದೆ ನಿಲ್ತಾರೆ, ಸ್ಕೂಟರ್‌ನವರು ಚೌಕದೊಳಗೆ ನಿಲ್ತಾರೆ, ನಡೆಯೋರ ಜಾಗ ನಡೆಯೋರಿಗೇ ಇರುತ್ತೆ. ನಮ್ಮಲ್ಲೂ ಟೂವೀಲರ್‌ನವರು ಹೇಗೂ ಮುಂದೆ ಬಂದೇ ಬರ್ತಾರೆ, ಅವರಿಗೊಂದು ಜಾಗ ಬರೆದುಕೊಟ್ರೆ ನಿಮ್ಮ ಜಾಗ ಉಳಿಯುತ್ತೆ ಅಂತ ನನಗೆ ಬಲವಾಗಿ ಅನ್ಸುತ್ತೆ. ಪೇಂಟ್ ಖರ್ಚು ಎಷ್ಟಾದೀತು ಹೇಳಿ.

ಅಲ್ಲಿವರೆಗೂ ಒಂದು ಕೆಲಸ ಮಾಡಿ, ನಡೆಯೋರ ಗ್ರೀನ್ ಮುಗಿಯೋಕೆ ಬಂದಾಗ ದಾಟೋಕೆ ಇಳೀಬೇಡಿ, ಮತ್ತೆ ಗಾಡಿಗಳಿಗೆ ರೆಡ್ ಬಿದ್ದು ಅವು ಪೂರ್ತಿ ನಿಂತ ಮೇಲೆ ಹೊಸದಾಗಿ ಶುರು ಮಾಡಿ, ನಿಮಗೆ ಪೂರ್ತಿ ಟೈಮ್ ಸಿಗುತ್ತೆ. ಬಸ್ಸಿನ ಮುಂದೆ ದಾಟುವಾಗ ತೀರಾ ಒತ್ತಿಕೊಂಡು ಹೋಗ್ಬೇಡಿ, ಡ್ರೈವರ್ ಮುಖ ಕಾಣೋಷ್ಟು ದೂರದಲ್ಲಿ ಕೈ ಎತ್ತಿ ಹೋಗಿ, ಬಸ್ ದಾಟಿದ ಕೂಡ್ಲೇ ಒಂದ್ಸಲ ನಿಂತು ಪಕ್ಕದ ಸಂದೀಲಿ ಬೈಕ್ ಬರ್ತಿದೆಯಾ ಇಣುಕಿ ನೋಡಿ.

ನಾನು ಏನು ಹೇಳಿಕೊಡ್ತೀನಿ ಅಂತ ಕೇಳಿದ್ರಲ್ಲ. ಕಲಿಯೋಕೆ ಬಂದವರನ್ನ ಎರಡನೇ ದಿನ ನಮ್ಮ ಸ್ಕೂಲ್ ಹತ್ತಿರದ ಸಿಗ್ನಲ್‌ಗೆ ಕರ್ಕೊಂಡು ಹೋಗಿ ಗಾಡಿ ಸೈಡಿಗೆ ಹಾಕಿಸ್ತೀನಿ, ಇಳಿಸಿ ಜೀಬ್ರಾದಲ್ಲಿ ಈ ಕಡೆಯಿಂದ ಆ ಕಡೆಗೆ ನಡೆಸ್ತೀನಿ, ಕೈಯಲ್ಲಿ ಒಂದು ತುಂಬಿದ ತರಕಾರಿ ಚೀಲ ಕೊಟ್ಟು. ಬೈಕುಗಳ ಮಧ್ಯೆ ಚೀಲ ಸಿಕ್ಕಿಹಾಕ್ಕೊಂಡು ಅವರು ಅರ್ಧದಲ್ಲಿರುವಾಗಲೇ ಎಷ್ಟೋ ಸಲ ಗ್ರೀನ್ ಬಿದ್ದುಬಿಡುತ್ತೆ. ವಾಪಸ್ ಬಂದು ಗಾಡಿ ಹತ್ತಿದವರು ಆವತ್ತು ಮುಂದಿನ ಸಿಗ್ನಲ್‌ನಲ್ಲಿ ಲೈನ್‌ಗಿಂತ ಒಂದು ಅಡಿ ಹಿಂದೆನೇ ನಿಲ್ಲಿಸ್ತಾರೆ, ನಾನು ಹೇಳೋ ಮುಂಚೆನೇ.